ಮಾಸ್ಟರ್ ಹಿರಣ್ಣಯ್ಯನವರ ಆಶುಹಾಸ್ಯ: ಒಂದು ವಿಮರ್ಶೆ

೧

ಕನ್ನಡ ರಂಗಭೂಮಿಯ ಮಾತು ಬಂದಾಗ ಮಾಸ್ಟರ್ ಹಿರಣ್ಣಯ್ಯನವರ ಹೆಸರನ್ನು ನೆನೆಯದವರಿಲ್ಲ. ಕನ್ನಡ ನಾಟಕಸಾಹಿತ್ಯದ ಮಾತು ಬಂದಾಗ ಆ ಹೆಸರನ್ನು ಎತ್ತುವವರು ವಿರಳ. ಒಬ್ಬನೇ ಕಲಾವಿದನ ವಿಷಯದಲ್ಲಿ ಇರುವ ಈ ಎರಡು ನಿಲುವುಗಳಿಗೆ ಕಾರಣ ಸುಲಭವಾಗಿ ತಿಳಿಯುವಂಥದು. ಅವರ ನಾಟಕದ ಜೀವವಿದ್ದುದು ಬರೆದಿಟ್ಟ ಮಾತಿನಲ್ಲಲ್ಲ. ಆಯಾ ರಾತ್ರಿ ರಂಗದ ಮೇಲೆ ನಿಂತು ಅಲ್ಲಿಂದಲ್ಲಿಗೆ ಹೊಸೆದ ಮಾತಿನಲ್ಲಿ. ಇಂದು ಆಡಿದುದು ನಾಳೆ ಇರುತ್ತಿರಲಿಲ್ಲ. ತುಮಕೂರಿನಲ್ಲಿ ಕೇಳಿದುದು ದಾವಣಗೆರೆಯಲ್ಲಿ ಬೇರೆಯಾಗುತ್ತಿತ್ತು. ಆಶುಕವಿತೆಯೆಂಬ ಮಾತಿನ ಮಾದರಿಯಲ್ಲಿ ಇದನ್ನು ನಾವು ಆಶುಹಾಸ್ಯವೆಂದು ಕರೆಯಬಹುದು.

ಬರೆಹದ ಹಿಡಿತಕ್ಕೆ ಸಿಗದ ಇಂಥ ಕಲೆಯನ್ನು ವಿಮರ್ಶೆ ಎರಡು ಬಗೆಯಲ್ಲಿ ದೂರವಿಡುವುದುಂಟು. ಅದು ಪರಿಶೀಲನೆಗೆ ಅರ್ಹವಲ್ಲವೆಂದು ಮೌನವಾಗಿರುವುದು ಒಂದು. ಹೊಗಳಿ ಸುಮ್ಮನಾಗುವುದು ಇನ್ನೊಂದು. ೨೦೧೯ರ ಮೇ ೨ರಂದು ಹಿರಣ್ಣಯ್ಯನವರು ಬೆಂಗಳೂರಿನಲ್ಲಿ ತೀರಿಕೊಂಡ ಮೇಲೆ ಈ ಎರಡನೆಯ ಬಗೆ ಹೇರಳವಾಗಿ ಕಂಡುಬಂದಿತು. ನಿರ್ಭೀತ ವಾಗ್ಮಿ, ಭ್ರಷ್ಟರ ಪಾಲಿನ ಸಿಂಹಸ್ವಪ್ನ ಎಂಬ ವಿಶೇಷಣಗಳು ಪುಂಖಾನುಪುಂಖವಾಗಿ ಬಂದವು. ಅವು ಸುಳ್ಳಲ್ಲ. ಆದರೆ ನಿರ್ಭೀತಿ ನಡತೆಯ ಗುಣ. ಅದರಿಂದ ಮಾತ್ರವೇ ಕಲೆಯ ಗುಣ ಸಿದ್ಧವಾಗುವುದಿಲ್ಲ. ನಿರ್ಭೀತನಾಗಿಯೂ ನೀರಸವಾಗಿ ಮಾತಾಡುವವನು ಇರಬಹುದು. ಹತ್ತಾರು ವರ್ಷಗಳ ಕಾಲ ಒಂದೇ ಹೆಸರಿನ ನಾಟಕಕ್ಕೆ ಜನ ಮತ್ತೆ ಮತ್ತೆ ಟಿಕೀಟು ಕೊಂಡು ಬಂದುದಕ್ಕೆ ಧೈರ್ಯಕ್ಕಿಂತ ಹೆಚ್ಚಿನದೊಂದು ಕಾರಣ ಇರಲೇಬೇಕು.

ಲಿಖಿತ ಪಾಠವೆಂಬುದು ನಾಟಕಕಾರನಿಗೂ ನಟನಿಗೂ ಒಂದು ಆಶ್ರಯ. ಹಿರಣ್ಣಯ್ಯನವರು ಆ ಆಶ್ರಯವನ್ನು ಬಿಟ್ಟು ರಂಗಕ್ಕೆ ಬಂದರು. ಅವರ ಕಲೆಯ ಎತ್ತರವೂ ಅದರ ದೋಷಗಳೂ ಈ ಒಂದು ತ್ಯಾಗದಿಂದಲೇ ಹುಟ್ಟಿದವೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಹಿರಣ್ಣಯ್ಯನವರ ನಿಜನಾಮಧೇಯ ನರಸಿಂಹಮೂರ್ತಿ. ಹುಟ್ಟಿದುದು ಮೈಸೂರಿನಲ್ಲಿ, ೧೯೩೪ರ ಫೆಬ್ರವರಿ ೧೫ರಂದು. ತಂದೆ ಕೆ. ಹಿರಣ್ಣಯ್ಯನವರು ತಮ್ಮ ಕಾಲದ ಹೆಸರಾಂತ ಹಾಸ್ಯನಟರು, ನಾಟಕಕಾರರು, ‘ಹಿರಣ್ಣಯ್ಯ ಮಿತ್ರಮಂಡಳಿ’ಯ ಸ್ಥಾಪಕರು. ಅವರನ್ನು ಜನ ‘ಕಲ್ಚರ್ಡ್ ಕಮೆಡಿಯನ್’ ಎಂದು ಕರೆಯುತ್ತಿದ್ದರು. ಈ ಬಿರುದಿನ ಒಳಗೆ ಅಂದಿನ ಶಿಷ್ಟಸಮಾಜದ ಒಂದು ತೀರ್ಪು ಅಡಗಿದೆ: ಹಾಸ್ಯಗಾರನೆಂದರೆ ಸಾಮಾನ್ಯವಾಗಿ ಸಂಸ್ಕಾರಹೀನ, ಇವರೊಬ್ಬರು ಅದಕ್ಕೆ ಅಪವಾದ ಎಂಬುದೇ ಆ ತೀರ್ಪು. ಮಗನ ಕಾಲಕ್ಕೂ ಅದು ಪೂರ್ತಿಯಾಗಿ ಬದಲಾಗಲಿಲ್ಲವೆಂದು ಹೇಳಬೇಕು.

ತಂದೆಯವರಿಗೆ ಚಲನಚಿತ್ರದ ಸಂಬಂಧವೂ ಇದ್ದಿತು. ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು ಕಾಣಿಸಿಕೊಂಡ, ೧೯೪೩ರಲ್ಲಿ ತೆರೆಗೆ ಬಂದ ‘ವಾಣಿ’ ಚಿತ್ರದ ನಿರ್ದೇಶಕರು ಅವರೇ. ಆ ಕಾಲದಲ್ಲಿ ಚಲನಚಿತ್ರವೆಂದರೆ ದಕ್ಷಿಣದವರೆಲ್ಲರೂ ಮುಖಮಾಡುತ್ತಿದ್ದುದು ನಮ್ಮ ಈ ಊರಿನ ಕಡೆಗೆ. ಬಾಲಕ ನರಸಿಂಹಮೂರ್ತಿಯ ಶಾಲಾಭ್ಯಾಸದ ಕೆಲವು ವರ್ಷಗಳು ಮದರಾಸಿನಲ್ಲಿ ಕಳೆದವು. ತಮಿಳು, ತೆಲುಗು ಕಿವಿಗೆ ಬಿದ್ದುದು ಹೀಗೆ. ಮುಂದೆ ಅವರ ಮಾತಿನಲ್ಲಿ ಕಂಡುಬಂದ ಒಂದು ವಿಶೇಷಕ್ಕೆ, ಎಂದರೆ ಭಾಷೆಯಿಂದ ಭಾಷೆಗೆ, ಒಂದು ಪ್ರಾಂತದ ಧಾಟಿಯಿಂದ ಇನ್ನೊಂದರ ಧಾಟಿಗೆ ಕ್ಷಣಮಾತ್ರದಲ್ಲಿ ಜಿಗಿಯುವ ಶಕ್ತಿಗೆ, ಈ ನೆಲದ ಋಣವೂ ಸ್ವಲ್ಪ ಇರಬೇಕೆಂದು ನಾವು ಊಹಿಸಿದರೆ ತಪ್ಪಾಗಲಾರದು. ಮನೆಯಲ್ಲೊಂದು ಮಾತು, ಬೀದಿಯಲ್ಲೊಂದು ಮಾತು ಆಡುತ್ತ ಬೆಳೆದ ಮಗುವಿಗೆ ಮಾತಿನ ಬೆಡಗೂ ತಿಳಿಯುತ್ತದೆ, ಮಾತಿನ ಸೋಗೂ ತಿಳಿಯುತ್ತದೆ. ಇದು ಹೊರನಾಡಿನ ನಮಗೆ ಅನುಭವಸಿದ್ಧ.

ಮೈಸೂರಿಗೆ ಮರಳಿದ ಮೇಲೆ ಅವರು ಶಾರದಾವಿಲಾಸ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ತರಗತಿಗೆ ಸೇರಿದರು. ಓದಿನ ಖರ್ಚಿಗಾಗಿ ಮನೆಮನೆಗೆ ಪತ್ರಿಕೆ ಹಾಕಿದರು. ಓದು ಮುಂದುವರಿಯಲಿಲ್ಲ, ೧೯೫೦ರ ದಶಕದ ಆರಂಭದಲ್ಲಿ ತಂದೆಯ ಕಂಪನಿಯನ್ನು ಸೇರಿದರು. ೧೯೫೩ರಲ್ಲಿ ತಂದೆ ಕಾಲವಾದರು. ಇಪ್ಪತ್ತು ತುಂಬದ ಯುವಕನ ಪಾಲಿಗೆ ಉಳಿದುದು ತಂದೆಯ ಹೆಸರು, ಕೆಲವು ನಾಟಕಗಳು, ಮತ್ತು ನಡೆಸಿದರೆ ಅನ್ನ, ನಿಲ್ಲಿಸಿದರೆ ಸಾಲ ಎನ್ನುವಂಥ ಒಂದು ವೃತ್ತಿ. ಬಾಲನಟರ ಹೆಸರಿನ ಹಿಂದೆ ಸೇರಿಸುವ ‘ಮಾಸ್ಟರ್’ ಎಂಬ ವಿಶೇಷಣ ಅವರಿಗೆ ಎಂಬತ್ತೈದರವರೆಗೂ ಅಂಟಿಕೊಂಡಿತು. ತಂದೆಯ ಹೆಸರನ್ನೇ ತನ್ನದಾಗಿ ಮಾಡಿಕೊಂಡವನಿಗೆ ಇಬ್ಬರನ್ನೂ ಬೇರ್ಪಡಿಸಲು ಅದೊಂದೇ ಗುರುತಾಯಿತು.

ಈ ಜೀವನವೃತ್ತಾಂತದಲ್ಲಿ ವಿಮರ್ಶಕನು ಗಮನಿಸಬೇಕಾದ ಅಂಶವೊಂದಿದೆ. ಹಿರಣ್ಣಯ್ಯನವರು ನಟರಾಗಿದ್ದಂತೆ ಮಾಲೀಕರೂ ಆಗಿದ್ದರು. ಮಾತು ಹೆಚ್ಚಾಯಿತೆಂದು ಗದರಿಸಲು ಮೇಲೆ ಬೇರೊಬ್ಬ ಯಜಮಾನನಿರಲಿಲ್ಲ. ಸರ್ಕಾರದ ಸಹಾಯಧನವನ್ನಾಗಲಿ ಸಿರಿವಂತರ ಪೋಷಣೆಯನ್ನಾಗಲಿ ನೆಚ್ಚಿ ಕಂಪನಿ ನಡೆಯುತ್ತಿರಲಿಲ್ಲ. ಅದನ್ನು ನಡೆಸುತ್ತಿದ್ದುದು ಆ ರಾತ್ರಿಯ ಗಲ್ಲಾಪೆಟ್ಟಿಗೆ. ಟಾಕಿಯ ಹೊಡೆತಕ್ಕೆ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲವದು. ಒಂದೇ ಊರಿನಲ್ಲಿ ಮೊಕ್ಕಾಮು ಹೂಡಿದ ಕಂಪನಿ ನೋಡಿದವರನ್ನೇ ಮತ್ತೆ ಕರೆಯಬೇಕು. ಚಲನಚಿತ್ರ ಎಷ್ಟು ಸಲ ನೋಡಿದರೂ ಅದೇ. ಹಿರಣ್ಣಯ್ಯನವರ ನಾಟಕ ಎರಡನೆಯ ಸಲಕ್ಕೆ ಬೇರೆ. ಅವರ ಆಶುಭಾಷಣ ಪ್ರತಿಭೆಯ ಫಲವೆಂಬುದು ನಿಜ. ಚಲನಚಿತ್ರಕ್ಕೆ ಸಾಧ್ಯವಿಲ್ಲದುದನ್ನು ಮಾಡಿ ಬದುಕಬೇಕಾದ ವೃತ್ತಿಯ ಅಗತ್ಯವೂ ಅದರ ಹಿಂದೆ ಇತ್ತೆಂಬುದು ಅಷ್ಟೇ ನಿಜ. ‘ಲಂಚಾವತಾರ’ವೊಂದೇ ಹತ್ತು ಸಾವಿರಕ್ಕೂ ಹೆಚ್ಚು ಪ್ರದರ್ಶನ ಕಂಡಿತೆಂದು ಅವರ ನಿಧನದ ವಾರ್ತೆಯಲ್ಲಿ ಪತ್ರಿಕೆಗಳು ಬರೆದವು. ಬಾಯಿಪಾಠದ ಮಾತನ್ನು ಅಷ್ಟು ಸಲ ಒಪ್ಪಿಸುವುದು ನಟನಿಗೂ ಅಸಾಧ್ಯ, ಕೇಳುವುದು ಪ್ರೇಕ್ಷಕನಿಗೂ ಅಸಾಧ್ಯ.

೩

ಆಶುಹಾಸ್ಯವೆಂದರೆ ಬಾಯಿಗೆ ಬಂದುದನ್ನು ಆಡುವುದೆಂಬ ಭಾವನೆ ಸಾಮಾನ್ಯವಾಗಿದೆ. ಇದು ತಪ್ಪು ಭಾವನೆ. ಆಶುವಾದ ಮಾತಿಗೆ ಆಶುವಲ್ಲದ ಚೌಕಟ್ಟೊಂದು ಬೇಕು. ಕನ್ನಡಿಗರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಕಾಸರಗೋಡು, ದಕ್ಷಿಣ ಕನ್ನಡಗಳ ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪ್ರಸಂಗದ ಪದ್ಯ ಸ್ಥಿರ. ಅದರ ಮೇಲೆ ಅರ್ಥಧಾರಿಗಳು ಆಡುವ ಮಾತು ಆ ಕ್ಷಣದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಾಗಲಿ, ದೇರಾಜೆ ಸೀತಾರಾಮಯ್ಯನವರಾಗಲಿ ಒಂದೇ ಪಾತ್ರವನ್ನು ಎರಡು ರಾತ್ರಿ ಒಂದೇ ಬಗೆಯಾಗಿ ಹೇಳಿದವರಲ್ಲ. ಆದರೂ ಅವರ ಅರ್ಥವನ್ನು ನಾವು ಅಳೆಯಬಲ್ಲೆವು. ಏಕೆಂದರೆ ಪದ್ಯವು ಅಳತೆಗೋಲಾಗಿ ಎದುರಿಗೆ ನಿಂತಿರುತ್ತದೆ. ಮಾತು ಪದ್ಯದಿಂದ ಹೊರಟು, ಎಷ್ಟು ದೂರ ಸುತ್ತಿದರೂ ಪದ್ಯಕ್ಕೇ ಮರಳಿದರೆ ಅದು ಅರ್ಥಗಾರಿಕೆ, ಮರಳದಿದ್ದರೆ ಹರಟೆ.

ಹದಿನಾರನೆಯ ಶತಮಾನದಲ್ಲಿ ಇಟಲಿಯಲ್ಲಿ ಬೆಳೆದ ‘ಕಮೆಡಿಯಾ ದೆಲ್ ಆರ್ಟೆ’ ಎಂಬ ವೃತ್ತಿನಾಟಕ ಪದ್ಧತಿಯಲ್ಲಿಯೂ ಇದೇ ಏರ್ಪಾಡನ್ನು ಕಾಣುತ್ತೇವೆ. ಅಲ್ಲಿ ಕಥೆಯ ಹಂದರವನ್ನು ಮಾತ್ರ ಬರೆದಿಡುತ್ತಿದ್ದರು. ಮುಖವಾಡಧರಿಸಿದ ಜಿಪುಣ ಮುದುಕ, ಒಣಪಂಡಿತ, ಚತುರ ಸೇವಕ ಮೊದಲಾದ ಸಿದ್ಧಪಾತ್ರಗಳು ಆ ಹಂದರದ ಮೇಲೆ ತಮ್ಮ ಮಾತನ್ನೂ ಚೇಷ್ಟೆಯನ್ನೂ ಹಬ್ಬಿಸುತ್ತಿದ್ದವು. ಹಂದರವಿಲ್ಲದೆ ಬಳ್ಳಿಯಿಲ್ಲ.

ಹಿರಣ್ಣಯ್ಯನವರ ಹಂದರ ಯಾವುದು? ‘ಲಂಚಾವತಾರ’, ‘ಭ್ರಷ್ಟಾಚಾರ’, ‘ಮಕ್ಮಲ್ ಟೋಪಿ’, ‘ದೇವದಾಸಿ’, ‘ನಡುಬೀದಿ ನಾರಾಯಣ’, ‘ಕಪಿಮುಷ್ಟಿ’ ಎಂಬ ಹೆಸರುಗಳೇ ಇದಕ್ಕೆ ಬಹುಪಾಲು ಉತ್ತರ ಹೇಳುತ್ತವೆ. ಇವುಗಳಲ್ಲಿ ಹೆಚ್ಚಿನವು ಒಂದು ವ್ಯಕ್ತಿಯ ಕಥೆಯನ್ನು ಸೂಚಿಸದೆ ಒಂದು ಸ್ಥಿತಿಯನ್ನು ಸೂಚಿಸುತ್ತವೆ. ‘ಲಂಚಾವತಾರ’ವೆಂಬ ಹೆಸರನ್ನೇ ತೆಗೆದುಕೊಳ್ಳೋಣ. ಅವತಾರವೆಂದರೆ ದೇವರು ಇಳಿದುಬರುವುದು. ದಶಾವತಾರದ ಆಟವನ್ನು ನೋಡಿ ಬೆಳೆದ ಜನಕ್ಕೆ ಲಂಚವೇ ಹನ್ನೊಂದನೆಯ ಅವತಾರವಾಗಿ ಇಳಿದುಬಂದಿದೆಯೆಂಬ ಸೂಚನೆ ಒಂದೇ ಪದದಲ್ಲಿ ಸಿಕ್ಕಿಬಿಡುತ್ತದೆ. ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿರುವುದನ್ನು ಎಲ್ಲರೂ ಬಲ್ಲರು. ಸರ್ಕಾರದ ಕೆಲಸ ದೇವರದಾದರೆ ಅದಕ್ಕೆ ಸಲ್ಲಿಸುವ ಕಾಣಿಕೆ ಯಾವುದು, ಪೂಜಾರಿ ಯಾರು, ಪ್ರಸಾದ ಯಾರಿಗೆ ಎಂಬ ಪ್ರಶ್ನೆಗಳು ಆ ನಾಟಕದ ಹೆಸರಿನಿಂದ ತಾವಾಗಿಯೇ ಹೊರಡುತ್ತವೆ. ಇಂಥ ರೂಪಕವೊಂದು ಚೌಕಟ್ಟಾಗಿ ನಿಂತರೆ ಅಂದಿನ ಪತ್ರಿಕೆಯ ಯಾವ ಸುದ್ದಿ ತಂದು ಇಟ್ಟರೂ ಅದಕ್ಕೆ ಅಲ್ಲಿ ಜಾಗವಿದೆ. ಹತ್ತು ಸಾವಿರ ರಾತ್ರಿಗಳ ಗುಟ್ಟು ಇಲ್ಲಿದೆ: ಹೊಸ ಮಾತಿಗೆ ಎಂದೂ ಸಾಕೆನ್ನದ ಹಳೆಯ ಚೌಕಟ್ಟು.

ಅಧಿಕಾರಿಗಳ ಲಂಚಕೋರತನ ಹಾಸ್ಯಕ್ಕೆ ಹೊಸ ವಸ್ತುವೇನಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ‘ನರ್ಮಮಾಲಾ’ ಎಂಬ ಕೃತಿಯಲ್ಲಿ ಕಾಯಸ್ಥರನ್ನು, ಎಂದರೆ ಲೆಕ್ಕಪತ್ರದ ಅಧಿಕಾರಿಗಳನ್ನು, ನಿರ್ದಾಕ್ಷಿಣ್ಯವಾಗಿ ಗೇಲಿಮಾಡಿದನು. ಔಚಿತ್ಯವನ್ನು ಕಾವ್ಯದ ಜೀವವೆಂದು ಸಾರಿದ ಲಾಕ್ಷಣಿಕನೂ ಅವನೇ ಎಂಬುದು ಅರ್ಥಪೂರ್ಣವಾಗಿದೆ. ಹಾಸ್ಯಕ್ಕೆ ಅನೌಚಿತ್ಯವೇ ಮೂಲವೆಂದು ಅಭಿನವಗುಪ್ತನ ಅಭಿಪ್ರಾಯ. ಲೋಕದ ಅನೌಚಿತ್ಯವನ್ನು ತೋರಿಸಹೊರಟವನ ಮಾತಿನಲ್ಲಿ ಮಾತ್ರ ಔಚಿತ್ಯವಿರಬೇಕು. ಆಶುಹಾಸ್ಯಗಾರನಿಗೆ ಈ ಔಚಿತ್ಯವನ್ನು ತೂಗಿನೋಡಲು ಒಂದು ಉಸಿರಿನಷ್ಟು ಹೊತ್ತು ಸಿಗುತ್ತದೆ. ಬರೆಯುವವನಿಗೆ ಒಂದು ರಾತ್ರಿ ಸಿಗುತ್ತದೆ. ಇದೇ ಇಬ್ಬರಿಗೂ ಇರುವ ವ್ಯತ್ಯಾಸ.

ಇಲ್ಲಿ ಪ್ರೇಕ್ಷಕನ ಪಾತ್ರವನ್ನೂ ಹೇಳಬೇಕು. ರಾಜಶೇಖರನು ಪ್ರತಿಭೆಯನ್ನು ಕಾರಯಿತ್ರಿ, ಭಾವಯಿತ್ರಿ ಎಂದು ಎರಡಾಗಿ ವಿಂಗಡಿಸಿದನು. ಒಂದು ಕವಿಯದು, ಇನ್ನೊಂದು ಸಹೃದಯನದು. ಲಿಖಿತ ಕೃತಿಯಲ್ಲಿ ಇವೆರಡರ ನಡುವೆ ಕಾಲದ ಅಂತರವಿದೆ. ಆಶುಹಾಸ್ಯದಲ್ಲಿ ಆ ಅಂತರವಿಲ್ಲ. ಮುಂದಿನ ಸಾಲಿನ ನಗು ಎಷ್ಟು ಹೊತ್ತು ನಿಂತಿತು, ಹಿಂದಿನ ಗ್ಯಾಲರಿ ಎಲ್ಲಿ ಚಪ್ಪಾಳೆ ತಟ್ಟಿತು, ಎಲ್ಲಿ ಸುಮ್ಮನಾಯಿತು ಎಂಬುದನ್ನು ನೋಡಿಕೊಂಡೇ ನಟನು ಮುಂದಿನ ವಾಕ್ಯವನ್ನು ಕಟ್ಟುತ್ತಾನೆ. ಹಿರಣ್ಣಯ್ಯನವರ ಧ್ವನಿಮುದ್ರಣಗಳನ್ನು ಗಮನವಿಟ್ಟು ಕೇಳಿದವರಿಗೆ ಒಂದು ವಿಷಯ ತಿಳಿಯುತ್ತದೆ: ಅವರು ನಗುವಿಗಾಗಿ ಕಾಯುವುದಿಲ್ಲ, ನಗು ಇಳಿಯುವ ಮೊದಲೇ ಎರಡನೆಯ ಮಾತನ್ನು ಎಸೆಯುತ್ತಾರೆ. ಆ ವೇಗದಿಂದ ಕೇಳುವವನಿಗೆ ಆಕ್ಷೇಪಿಸಲು ಬಿಡುವೇ ಸಿಗುವುದಿಲ್ಲ. ಇದು ಅವರ ಶೈಲಿಯ ಮುಖ್ಯ ಲಕ್ಷಣ. ದೋಷದ ಬೀಜವೂ ಇದರಲ್ಲೇ ಇದೆಯೆಂಬುದನ್ನು ಮುಂದೆ ನೋಡಲಿದ್ದೇವೆ.

೪

ಲಿಖಿತ ಪಾಠ ಒಂದು ಆಶ್ರಯವೆಂದು ಮೊದಲಿಗೆ ಹೇಳಿದೆವು. ಅದು ಎರಡು ಬಗೆಯ ಆಶ್ರಯ. ಮೊದಲನೆಯದು ಸಾಹಿತ್ಯದ ಮನ್ನಣೆ.

ಟಿ. ಪಿ. ಕೈಲಾಸಂ ಅವರ ಉದಾಹರಣೆಯನ್ನು ನೋಡಬಹುದು. ಈ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಅವರು ೧೯೪೫ರಲ್ಲಿ ಈ ಊರಿನಲ್ಲೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಕೈಲಾಸಂ ಮೂಲತಃ ಬಾಯಿಮಾತಿನ ಕವಿ. ಗೆಳೆಯರ ನಡುವೆ ಕುಳಿತು ನಾಟಕವನ್ನು ಆಡಿತೋರಿಸುತ್ತಿದ್ದರು. ಬರೆದುಕೊಳ್ಳುವ ಶ್ರಮ ಬೇರೆಯವರದಾಗಿತ್ತು. ಬರೆದುಕೊಳ್ಳುವವರು ದೊರೆತುದರಿಂದ ಅವರು ಸಾಹಿತ್ಯಚರಿತ್ರೆಗೆ ಸೇರಿದರು. ಆ ಗೆಳೆಯರು ಇಲ್ಲದಿದ್ದಲ್ಲಿ ಕೈಲಾಸಂ ಒಬ್ಬ ಮಹಾ ವಿನೋದಿಯೆಂಬ ದಂತಕಥೆ ಮಾತ್ರ ಉಳಿಯುತ್ತಿತ್ತು. ಹಿರಣ್ಣಯ್ಯನವರ ಸುತ್ತ ಅಂಥ ವಿದ್ಯಾವಂತ ಗೆಳೆಯರ ಬಳಗವಿರಲಿಲ್ಲವೆಂದಲ್ಲ. ಆದರೆ ಕಂಪನಿ ನಾಟಕದ ಮಾತು ಬರೆದುಕೊಳ್ಳಲು ಯೋಗ್ಯವೆಂದು ವಿದ್ಯಾವಂತರಿಗೆ ತೋರಲಿಲ್ಲ. ಹವ್ಯಾಸಿ ರಂಗಭೂಮಿಗೂ ವೃತ್ತಿ ರಂಗಭೂಮಿಗೂ ನಮ್ಮ ವಿಮರ್ಶೆ ಎಳೆದ ಗೆರೆ ಕೈಲಾಸಂ ಅವರನ್ನು ಈಚೆಗೂ ಹಿರಣ್ಣಯ್ಯನವರನ್ನು ಆಚೆಗೂ ನಿಲ್ಲಿಸಿತು. ಇಬ್ಬರ ಪ್ರತಿಭೆ ಸಮಾನವೆಂದು ನಾನು ಹೇಳುತ್ತಿಲ್ಲ. ಕೈಲಾಸಂ ಸೃಷ್ಟಿಸಿದ ಪಾತ್ರಗಳಿಗೆ ತಮ್ಮದೇ ಆದ ಬಾಳಿದೆ, ಹಿರಣ್ಣಯ್ಯನವರಲ್ಲಿ ಪಾತ್ರ ಎಷ್ಟೋ ವೇಳೆ ಹಿರಣ್ಣಯ್ಯನವರೇ ಆಗಿಬಿಡುತ್ತದೆ. ಆದರೆ ಈ ತಾರತಮ್ಯವನ್ನು ವಿಮರ್ಶಿಸಿ ತೀರ್ಮಾನಿಸಬೇಕೇ ಹೊರತು ಗೆರೆ ಎಳೆದು ಅಲ್ಲ.

ಎರಡನೆಯದು ಕಾನೂನಿನ ಆಶ್ರಯ. ೧೮೭೬ರಲ್ಲಿ ಬ್ರಿಟಿಷ್ ಸರ್ಕಾರ ನಾಟಕ ಪ್ರದರ್ಶನಗಳ ಕಾಯಿದೆಯನ್ನು ತಂದಿತು. ರಾಜದ್ರೋಹ, ಮಾನಹಾನಿ ಇತ್ಯಾದಿ ಕಾರಣಗಳಿಗಾಗಿ ನಾಟಕವನ್ನು ನಿಷೇಧಿಸುವ ಅಧಿಕಾರ ಅದರಿಂದ ಸರ್ಕಾರಕ್ಕೆ ದೊರೆಯಿತು. ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ಉಳಿದ ಆ ಕಾಯಿದೆ ರದ್ದಾದುದು ೨೦೧೮ರಲ್ಲಿ. ಮದರಾಸು ರಾಜ್ಯ ೧೯೫೪ರಲ್ಲಿ ತನ್ನದೇ ಆದ ಕಾಯಿದೆಯನ್ನು ಮಾಡಿತು. ಅದರ ಮುಖ್ಯ ಗುರಿ ತಮಿಳಿನ ಮಹಾನಟ ಎಂ. ಆರ್. ರಾಧಾ ಅವರೆಂಬುದು ಇಲ್ಲಿ ಎಲ್ಲರೂ ಬಲ್ಲ ಸಂಗತಿ. ೧೯೦೭ರಿಂದ ೧೯೭೯ರವರೆಗೆ ಬಾಳಿದ ರಾಧಾ ಅವರೂ ಆಶುಭಾಷಣದ ನಟರು. ಅಂದಿನ ದಿನಪತ್ರಿಕೆಯನ್ನು ಕೈಯಲ್ಲಿ ಹಿಡಿದು ರಂಗಕ್ಕೆ ಬಂದು ಅಲ್ಲಿನ ಸುದ್ದಿಯನ್ನೇ ನಾಟಕದ ಮಾತಾಗಿ ಪರಿವರ್ತಿಸುತ್ತಿದ್ದರು. ಬರೆದ ಪ್ರತಿಯನ್ನು ತರಿಸಿ ಪರಿಶೀಲಿಸುವ ಕಾನೂನು ಇಂಥವರ ಮುಂದೆ ಪೇಚಿಗೆ ಸಿಕ್ಕುತ್ತದೆ. ಪ್ರತಿಯಲ್ಲಿ ಇಲ್ಲದ ಮಾತನ್ನು ಅದು ಮುಂಚಿತವಾಗಿ ಹೊಡೆದುಹಾಕಲಾರದು. ಆ ಕಾಯಿದೆಯ ಮುಖ್ಯ ವಿಧಿಗಳನ್ನು ಮದರಾಸು ಉಚ್ಚ ನ್ಯಾಯಾಲಯ ೨೦೧೩ರಲ್ಲಿ ಸಂವಿಧಾನವಿರುದ್ಧವೆಂದು ತಳ್ಳಿಹಾಕಿತು.

ಆದರೆ ಪ್ರತಿಯಿಲ್ಲದಿರುವುದು ರಕ್ಷಣೆಯಾದಂತೆ ಅಪಾಯವೂ ಹೌದು. ಬರೆದ ನಾಟಕದ ನಟನು ‘ಇದು ಪಾತ್ರದ ಮಾತು, ಕವಿಯ ಮಾತು, ನನ್ನದಲ್ಲ’ ಎಂದು ಹೇಳಬಲ್ಲನು. ಆಶುಭಾಷಣ ಮಾಡಿದವನಿಗೆ ಆ ಮಾತಿಗೆ ಎಡೆಯಿಲ್ಲ. ಆಡಿದ ಪ್ರತಿಯೊಂದು ಪದವೂ ಅವನ ಸ್ವಂತ ಹೊಣೆ. ಕೇರಳದ ಕೂಡಿಯಾಟ್ಟದಲ್ಲಿ ವಿದೂಷಕನು ಸಂಸ್ಕೃತ ನಾಟಕದ ನಡುವೆ ನಿಂತು ಮಲೆಯಾಳದಲ್ಲಿ ರಾಜನನ್ನೂ ಸಭಿಕರನ್ನೂ ಪರಿಹಾಸ ಮಾಡುವುದುಂಟು; ಅವನಿಗೆ ದೇವಾಲಯದ ರಂಗ, ಕುಲದ ಹಕ್ಕು, ಸಂಪ್ರದಾಯದ ಸಮ್ಮತಿ ಕಾವಲಿವೆ. ಹಿರಣ್ಣಯ್ಯನವರಿಗೆ ಈ ಯಾವ ಕಾವಲೂ ಇರಲಿಲ್ಲ. ಮಂತ್ರಿಗಳೂ ಅಧಿಕಾರಿಗಳೂ ಮುಂದಿನ ಸಾಲಿನಲ್ಲಿ ಕುಳಿತಿದ್ದಾಗ ಅವರನ್ನೇ ಉದ್ದೇಶಿಸಿ ಆಡಿದ ಮಾತಿನ ಫಲವನ್ನು ಅವರೇ ಉಣ್ಣಬೇಕಾಗಿತ್ತು. ಅಧಿಕಾರದಲ್ಲಿದ್ದವರ ಅಸಮಾಧಾನವನ್ನು ಅವರು ಉಂಡರು ಕೂಡ. ಮೊದಲಿಗೆ ನಿರ್ಭೀತಿಯನ್ನು ನಡತೆಯ ಗುಣವೆಂದು ಬೇರೆ ಇಟ್ಟೆವು. ಅದು ಕಲೆಗೆ ಸೇರುವುದು ಈ ಸ್ಥಳದಲ್ಲಿ. ‘ಈ ಮಾತಿಗೆ ಈ ಮನುಷ್ಯ ಬೆಲೆ ತೆರಬೇಕಾದೀತು’ ಎಂಬ ಅರಿವು ಪ್ರೇಕ್ಷಕನ ನಗುವಿನಲ್ಲಿ ಬೆರೆತಿತ್ತು. ಬರೆದಿಟ್ಟ ಮಾತನ್ನು ಬೇರೊಬ್ಬರು ಒಪ್ಪಿಸಿದಾಗ ಆ ನಗು ಹುಟ್ಟದು.

೫

ಈಗ ದೋಷಗಳ ವಿಚಾರ. ಗುಣ ಹುಟ್ಟಿದ ಮೂಲದಿಂದಲೇ ಇವೂ ಹುಟ್ಟಿದವು.

ಮೊದಲನೆಯದಾಗಿ, ಆಶ್ರಯವಿಲ್ಲದ ನಟನು ಪ್ರೇಕ್ಷಕರ ಚಪ್ಪಾಳೆಯನ್ನೇ ಆಶ್ರಯವಾಗಿ ಮಾಡಿಕೊಳ್ಳುವ ಸಂಭವ ಹೆಚ್ಚು. ಗ್ಯಾಲರಿ ಯಾವುದನ್ನು ಮೆಚ್ಚುತ್ತದೆಂಬುದು ಗೊತ್ತಾದ ಮೇಲೆ ಆ ಕಡೆಗೇ ಮಾತು ವಾಲುತ್ತದೆ. ಸ್ತ್ರೀಯರ ಉಡುಗೆತೊಡುಗೆ, ಹೊಸ ತಲೆಮಾರಿನ ನಡೆನುಡಿ ಇವುಗಳ ಮೇಲಿನ ಪರಿಹಾಸ ಕಂಪನಿ ನಾಟಕಗಳ ಸಾಮಾನ್ಯ ಸರಕು. ಹಿರಣ್ಣಯ್ಯನವರೂ ಅದರಿಂದ ಹೊರತಲ್ಲ. ಬಲಶಾಲಿಯನ್ನು ನಕ್ಕಾಗ ನಟನು ಅಪಾಯವನ್ನು ಎದುರಿಸುತ್ತಾನೆ. ಎದುರಾಡಲಾರದವರನ್ನು ನಕ್ಕಾಗ ಯಾವ ಅಪಾಯವೂ ಇಲ್ಲ. ಹಿಂದಿನ ಭಾಗದಲ್ಲಿ ಹೇಳಿದ ಅಳತೆಗೋಲಿನಿಂದಲೇ ನೋಡಿದರೆ ಈ ಎರಡನೆಯ ಹಾಸ್ಯ ಕೀಳಾದುದು. ಅದಕ್ಕೆ ಯಾರೂ ಬೆಲೆ ತೆತ್ತಿಲ್ಲ.

ಎರಡನೆಯದಾಗಿ, ಉಪದೇಶ. ಆಡುತ್ತ ಆಡುತ್ತ ನಗು ನಿಂತು ಭಾಷಣ ಮೊದಲಾಗುತ್ತದೆ. ಸಹಪಾತ್ರಗಳು ಸುಮ್ಮನೆ ನಿಂತಿರುತ್ತವೆ, ಕಥೆ ನಿಂತಿರುತ್ತದೆ, ನಾಡಿನ ಗತಿ ಏನಾಯಿತೆಂಬ ಪ್ರಲಾಪ ಸಾಗುತ್ತದೆ. ಪದ್ಯಕ್ಕೆ ಮರಳದ ಅರ್ಥ ಹರಟೆಯೆಂದು ಹೇಳಿದೆವಲ್ಲ, ಇಲ್ಲಿ ಅದು ಬೋಧನೆಯಾಗುತ್ತದೆ. ಮುಂದಿನ ದಿನಗಳಲ್ಲಿ ಅವರು ಸಭೆ ಸಮಾರಂಭಗಳಲ್ಲಿ ಒಬ್ಬರೇ ನಿಂತು ಮಾಡಿದ ಭಾಷಣಗಳಲ್ಲಿ ನಾಟಕದ ಚೌಕಟ್ಟು ಪೂರ್ತಿಯಾಗಿ ಕಳಚಿತು. ಚೌಕಟ್ಟು ಹೋದಾಗ ಮಾತು ಹರಿತವಾಗಿಯೇ ಉಳಿಯಿತು, ಆದರೆ ಅದರ ಗುರಿ ಚದುರಿತು. ಎಲ್ಲರ ಮೇಲೂ ಕೋಪ, ಎಲ್ಲದರ ಮೇಲೂ ವಿಷಾದ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಗಹನವಾದುದು. ಅರ್ಧ ಶತಮಾನ ಲಂಚವನ್ನು ಕುರಿತು ಜನ ನಕ್ಕರು, ಲಂಚ ನಿಲ್ಲಲಿಲ್ಲ. ಲಂಚ ತಿನ್ನುವವನೇ ಮುಂದಿನ ಸಾಲಿನಲ್ಲಿ ಕುಳಿತು ಹೊಟ್ಟೆ ಹಿಡಿದು ನಕ್ಕು ಮನೆಗೆ ಹೋದನು. ಸರ್ಕಾರವೇ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ, ಗುಬ್ಬಿ ವೀರಣ್ಣ ಪ್ರಶಸ್ತಿಗಳನ್ನು ನೀಡಿ ಗೌರವಿಸಿತು. ಹಾಗಾದರೆ ಈ ಹಾಸ್ಯ ಮಾಡಿದ ಕೆಲಸವೇನು? ತಪ್ಪಿತಸ್ಥನಿಗೆ ಒಂದು ರಾತ್ರಿಯ ಪ್ರಾಯಶ್ಚಿತ್ತವನ್ನು ಅಗ್ಗದ ಟಿಕೀಟಿಗೆ ಮಾರಿದಂತಾಗಲಿಲ್ಲವೇ? ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು.

ಆದರೆ ನಾಟಕಗೃಹದಲ್ಲಿ ಕುಳಿತಿದ್ದವನು ಅಧಿಕಾರಿಯೊಬ್ಬನೇ ಅಲ್ಲ. ಹಿಂದೆ ಗ್ಯಾಲರಿಯಲ್ಲಿ, ಪಹಣಿಯ ಪ್ರತಿಗಾಗಿಯೋ ಪಿಂಚಣಿಯ ಕಾಗದಕ್ಕಾಗಿಯೋ ಹತ್ತು ಸಲ ಕಚೇರಿಗೆ ಅಲೆದು ಕೊನೆಗೆ ಕೈಬಿಸಿ ಮಾಡಿ ಬಂದವನೂ ಕುಳಿತಿದ್ದನು. ಕಚೇರಿಯಲ್ಲಿ ಅವನು ಒಬ್ಬಂಟಿ. ತನ್ನ ಅವಮಾನ ತನ್ನೊಬ್ಬನದೆಂದು ಭಾವಿಸಿ ಬಂದವನು. ನಾಟಕದಲ್ಲಿ ಸಾವಿರ ಜನ ಒಟ್ಟಿಗೆ ನಕ್ಕಾಗ ಅದು ತನ್ನೊಬ್ಬನದಲ್ಲವೆಂಬುದು ಅವನಿಗೆ ತಿಳಿಯಿತು. ತನ್ನನ್ನು ಗದರಿಸಿದ ಅಧಿಕಾರಿ ಒಬ್ಬ ನಟನ ಮುಂದೆ ಬಾಯಿ ಕಟ್ಟಿ ಕುಳಿತುದನ್ನು ಕಣ್ಣಾರೆ ಕಂಡನು. ಲೋಕದ ವ್ಯವಸ್ಥೆ ಅದರಿಂದ ಬದಲಾಗಲಿಲ್ಲ. ಆದರೆ ಅದು ದೈವನಿಯಮವಲ್ಲ, ನಗಬಹುದಾದ ಮನುಷ್ಯರ ಏರ್ಪಾಡು ಎಂಬ ತಿಳಿವಳಿಕೆ ಹುಟ್ಟಿತು. ಲಂಚ ನಿಲ್ಲಿಸುವ ಕೆಲಸ ಕಾನೂನಿನದು, ಆಡಳಿತದ್ದು. ಲಂಚವನ್ನು ಸಹಜವೆಂದು ಒಪ್ಪಿಕೊಳ್ಳದಂತೆ ಮನಸ್ಸನ್ನು ಎಚ್ಚರವಾಗಿಡುವುದು ಹಾಸ್ಯದ ಕೆಲಸ. ಇಷ್ಟನ್ನು ಹಿರಣ್ಣಯ್ಯನವರು ಮಾಡಿದರೆಂದು ನನ್ನ ಅಭಿಪ್ರಾಯ.

೬

ನಮ್ಮ ಕಾಲದ ವಿಮರ್ಶಕರಿಗೆ ಹಿಂದಿನವರಿಗಿಲ್ಲದ ಒಂದು ಅನ್ವೇಷಣಸಾಧನವಿದೆ. ಹಿರಣ್ಣಯ್ಯನವರ ನಾಟಕಗಳ ಧ್ವನಿಸುರುಳಿಗಳು ಮನೆಮನೆಗೂ ತಲಪಿದ್ದವು, ದೃಶ್ಯಮುದ್ರಣಗಳೂ ಇವೆ. ಇವುಗಳನ್ನು ಚೆನ್ನೈಯಲ್ಲಿ ಕುಳಿತು ಕೇಳುವ ನಾವು ಕಾಲದಿಂದಲೂ ದೇಶದಿಂದಲೂ ದೂರವಾದ ಪ್ರೇಕ್ಷಕರು. ಅಂದಿನ ಮಂತ್ರಿಗಳ ಹೆಸರುಗಳಲ್ಲಿ ಎಷ್ಟೋ ಇಂದು ಅಡಿಟಿಪ್ಪಣಿಯಿಲ್ಲದೆ ತಿಳಿಯವು. ವ್ಯವಹಾರದ ಭಾಷೆಯಲ್ಲಿ ಹೇಳುವುದಾದರೆ ಇಂಥ ಮಾತು ದರ್ಶನಿ ಹುಂಡಿಯಿದ್ದಂತೆ. ಕಂಡೊಡನೆ ಹಣ ಸಿಗಬೇಕು, ಮುದ್ದತ್ತಿಗೆ ಕಾಯುವಂಥದಲ್ಲ. ಆದರೂ ಕೇಳುತ್ತ ಹೋದಂತೆ ಕೆಲವು ಕಡೆ, ಹೆಸರು ತಿಳಿಯದಿದ್ದರೂ, ಪ್ರಸಂಗ ಮರೆತಿದ್ದರೂ, ನಗು ತಡೆಯಲಾಗದೆ ಬರುತ್ತದೆ. ಕೆಲವು ಕಡೆ ಅಂದಿನ ಪ್ರೇಕ್ಷಕರ ಚಪ್ಪಾಳೆ ಮಾತ್ರ ಕೇಳುತ್ತದೆ, ನಮಗೆ ನಗು ಬರುವುದಿಲ್ಲ. ಪರೀಕ್ಷಿಸಿದರೆ ನಗು ಉಳಿದ ಕಡೆಯಲ್ಲೆಲ್ಲ ಮಾತು ನಾಟಕದ ಚೌಕಟ್ಟಿನಿಂದ, ಎಂದರೆ ಲಂಚವೆಂಬ ಅವತಾರದ ರೂಪಕದಿಂದ ಹುಟ್ಟಿರುತ್ತದೆ. ನಗು ಬತ್ತಿದ ಕಡೆಯಲ್ಲಿ ಅದು ಹೆಸರನ್ನೋ ಆ ದಿನದ ರೊಚ್ಚನ್ನೋ ಮಾತ್ರ ನೆಚ್ಚಿರುತ್ತದೆ. ಹೊರನಾಡಿನ ಕೇಳುಗರಾಗಿರುವುದು ಈ ಒಂದು ವಿಷಯದಲ್ಲಿ ನಮಗೆ ಅನುಕೂಲವೇ ಆಗಿದೆ.

ಇದರಿಂದ ಒಂದು ಸಂಶೋಧನಕಾರ್ಯದ ಸೂಚನೆ ದೊರೆಯುತ್ತದೆ. ಒಂದೇ ಕಾವ್ಯದ ಹಲವು ಓಲೆಯ ಪ್ರತಿಗಳನ್ನು ಕೂಡಿಸಿ, ಪಾಠಾಂತರಗಳನ್ನು ಗುರುತಿಸಿ, ಗ್ರಂಥಸಂಪಾದನೆ ಮಾಡುವ ವಿದ್ಯೆ ಕನ್ನಡದಲ್ಲಿ ಚೆನ್ನಾಗಿ ಬೆಳೆದಿದೆ. ಅದಕ್ಕೆ ಈ ಊರಿನ ಕೊಡುಗೆ ಸಣ್ಣದಲ್ಲ. ಮದರಾಸು ವಿಶ್ವವಿದ್ಯಾನಿಲಯ ೧೯೩೦ರಲ್ಲಿ ಪ್ರಕಟಿಸಿದ ‘ಕವಿರಾಜಮಾರ್ಗ’ದ ಆವೃತ್ತಿಯನ್ನು ವಿದ್ವಾಂಸರು ಇಂದಿಗೂ ನೆನೆಯುತ್ತಾರೆ. ಅದೇ ವಿದ್ಯೆಯನ್ನು ‘ಲಂಚಾವತಾರ’ದ ಬೇರೆ ಬೇರೆ ವರ್ಷಗಳ, ಬೇರೆ ಬೇರೆ ಊರುಗಳ ಮುದ್ರಣಗಳಿಗೆ ಏಕೆ ಅನ್ವಯಿಸಬಾರದು? ಎಲ್ಲ ಪ್ರತಿಗಳಲ್ಲೂ ಸಾಮಾನ್ಯವಾಗಿರುವ ಭಾಗವನ್ನು ಒಂದು ಕಡೆ, ಆಯಾ ರಾತ್ರಿಯ ಭಾಗವನ್ನು ಎದುರು ಪುಟದಲ್ಲಿ ಅಚ್ಚುಹಾಕಿದರೆ ಹಂದರ ಯಾವುದು, ಬಳ್ಳಿ ಯಾವುದು ಎಂಬುದು ಕಣ್ಣಿಗೆ ಕಾಣುವಂತಾಗುತ್ತದೆ. ಇಟಲಿಯ ಗೊಲ್ಡೋನಿ ‘ಇಬ್ಬರು ಯಜಮಾನರ ಸೇವಕ’ವೆಂಬ ನಾಟಕವನ್ನು ಮೊದಲು ೧೭೪೫ರಲ್ಲಿ ಆಶುನಟನೊಬ್ಬನಿಗಾಗಿ ಅರ್ಧ ಬರೆದು ಅರ್ಧ ಬಿಟ್ಟುಕೊಟ್ಟನು, ಆ ನಟನ ರಂಗದ ಮಾತಿನ ಅನುಭವವನ್ನು ಬಳಸಿಕೊಂಡು ೧೭೫೩ರಲ್ಲಿ ಪೂರ್ತಿಯಾಗಿ ಬರೆದು ಪ್ರಕಟಿಸಿದನು. ಅದು ಇಂದಿಗೂ ಲೋಕದ ರಂಗಭೂಮಿಗಳಲ್ಲಿ ನಡೆಯುತ್ತಿದೆ.

ಹೀಗೆ ಸಂಪಾದಿಸಿದ ಪುಸ್ತಕ ಹಿರಣ್ಣಯ್ಯನವರ ನಾಟಕವಾಗುವುದಿಲ್ಲ. ಆ ನಾಟಕ ಅವರೊಡನೆ ಮುಗಿಯಿತು. ಆದರೆ ಅವರ ಕಲೆಯನ್ನು ಹೊಗಳಿಕೆಯಿಂದಲೂ ಮೌನದಿಂದಲೂ ಬಿಡಿಸಿ ಪರಿಶೀಲನೆಗೆ ಒಡ್ಡುವ ಮೊದಲ ಸಾಮಗ್ರಿಯಾಗುತ್ತದೆ. ಧ್ವನಿಸುರುಳಿಗಳ ಆಯುಸ್ಸು ಓಲೆಗರಿಗಿಂತ ಬಹಳ ಕಡಮೆ; ತೇವಕ್ಕೆ, ಧೂಳಿಗೆ ಅವು ಬೇಗ ಹಾಳಾಗುತ್ತವೆ. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ, ಹಳೆಯ ಪೆಟ್ಟಿಗೆಗಳಲ್ಲಿ, ಇಂಥವು ಇನ್ನೂ ಉಳಿದಿದ್ದರೆ ಅವುಗಳ ಮೇಲೆ ಊರು, ವರ್ಷ ಇವನ್ನು ನೆನಪಿದ್ದಷ್ಟು ಬರೆದಿಡುವುದರಿಂದ ಈ ಕೆಲಸವನ್ನು ಆರಂಭಿಸಬಹುದು.